ಕಿವಿಗೆ ಹಿಡಿದ ತೋಟಾ

ತೆಂಗಿನಕಾಯಿ ಕೊಳ್ಳುವಾಗ ಕಿವಿಗೆ ಹಿಡಿದು ಅಲ್ಲಾಡಿಸಿದರೆ ನನಗೆ ಇವತ್ತಿಗೂ ವಿದೇಶದಲ್ಲಿ ನಾವಿದ್ದ ಊರು ಮಾರ್ಗನ್ ಹಿಲ್‌ನ ಆ ಮಧ್ಯಾಹ್ನ ನೆನಪಾಗುತ್ತದೆ.

ಎಂಬತ್ತರ ದಶಕ, ನನಗೆ ಏಳು ವರ್ಷ. ಮಡಿಕೇರಿಯಿಂದ ಬಂದಿದ್ದ ತಾತ, ಅಪ್ಪನ ಮ್ಯಾಗ್ನಮ್ ರೈಫಲಿನಲ್ಲಿ ಒಂದು ಗುಂಡಾದರೂ ಹೊಡೆಯಲೇಬೇಕೆಂದು ಹಟ ಹಿಡಿದಿದ್ದರು. ಅಪ್ಪ ಗರಾಜಿನಲ್ಲಿ ಕೂತು ಹಿತ್ತಾಳೆಯ ತೋಟಾಗಳಿಗೆ ಕೈಯಾರೆ ಮದ್ದು ತುಂಬುತ್ತಿದ್ದರು, ಪ್ರತಿಯೊಂದಕ್ಕೂ ಮಾಮೂಲಿಗಿಂತ ಕಮ್ಮಿ.

"ಕಮ್ಮಿ ಯಾಕೆ?" ಅಂದೆ.

"ಪೂರ್ತಿ ಹಾಕಿದ್ರೆ ಕೋವಿ ಕುದುರೆ ಥರ ಒದೆಯುತ್ತೆ. ತಾತನ ಭುಜ ತಡೆಯಲ್ಲ. ಅವರಿಗೆ ಹೇಳ್ಬೇಡ ಪುಟ್ಟಿ."

ಗುಡ್ಡದಲ್ಲಿ ಅಪ್ಪ ಗುರಿಹಲಗೆ ನಿಲ್ಲಿಸಲು ಹೋದಾಗ, ತಾತ ಒಂದು ತೋಟಾವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಮದ್ದು ಸರಸರ ಅಂತು.

"ತುಂಬಿದ ಕೊಡ ತುಳುಕಲ್ಲ," ಎಂದು ತಮ್ಮಷ್ಟಕ್ಕೆ ನಕ್ಕರು.

ಅಪ್ಪ ವಾಪಸ್ ಬಂದ ಮೇಲೆ ತಾತ ಅದನ್ನೇ ಹಾರಿಸಿ, "ನೋಡು, ಏನೂ ಒದೆಯಲಿಲ್ಲ. ಭುಜ ಇನ್ನೂ ಗಟ್ಟಿಯಿದೆ," ಅಂದರು. ಅಪ್ಪ ಹೌದೆಂದು ತಲೆಯಾಡಿಸಿದರು.

ಪಿಕಪ್ ಹತ್ತುವಾಗ ತಾತ ನನ್ನ ಕಿವಿಯಲ್ಲಿ, "ಅಲ್ಲಾಡಿಸಿ ನೋಡಿದ್ದು ಅಪ್ಪಂಗೆ ಹೇಳ್ಬೇಡ," ಅಂದರು.

ಇಬ್ಬರ ನಡುವೆ ಕೂತು, ಮನೆ ಬರುವವರೆಗೂ ನಾನು ಬಾಯಿ ಬಿಡಲಿಲ್ಲ. ಯಾರಿಗೋಸ್ಕರ ಸುಮ್ಮನಿದ್ದೇನೆ ಅನ್ನುವುದು ಮಾತ್ರ ಗೊತ್ತಾಗಲಿಲ್ಲ.