ಮುಂದಿನ ಕೋಣೆಯ ಬಾಡಿಗೆಯವಳು

ಸರಕಾರದ ಭತ್ಯೆ ಕಚೇರಿಗೆ ಮಾಡಿದ ಫೋನಿನಲ್ಲಿ ರೇವಿನ್ ತನ್ನ ಹೆಸರು ಹೇಳಲಿಲ್ಲ. ನೆವಿಲ್‌ನ ಹೆಸರನ್ನು ಮಾತ್ರ ಎರಡು ಸಲ ಹೇಳಿದಳು.

"ನೆವಿಲ್. ಟಿಮಾರು ಬಂದರಿನ ಮೇಲಿನ ರಸ್ತೆ, ಹಸಿರು ತಗಡಿನ ಮನೆ. ಮಾಂಸದ ಕಾರ್ಖಾನೇಲಿ ಫೋರ್‌ಮನ್, ಕೈತುಂಬ ಸಂಬಳ. ಅವನ ಜೊತೆ ಗ್ಲೆನಿಸ್ ಅಂತ ಒಬ್ಳಿದಾಳೆ. ಕೆಲಸ ಇಲ್ಲ ಅಂತ ನಿಮ್ಮ ಹತ್ರ ನಿರುದ್ಯೋಗ ಭತ್ಯೆ ತಗೋತಾಳೆ. ಮುಂದಿನ ಕೋಣೇಲಿ ಬಾಡಿಗೆಗಿದೀನಿ ಅಂತ ಬರೆದುಕೊಟ್ಟಿದಾಳೆ. ಸುಳ್ಳು."

"ಸುಳ್ಳು ಅಂತ ನಿಮಗೆ ಹೇಗೆ ಗೊತ್ತು?"

"ಆ ಕೋಣೆ ಮಂಚದ ಮೇಲೆ ಅವನ ಮೀನಿನ ಬಲೆ ಬಿದ್ದಿದೆ. ಇಬ್ರೂ ಮಲಗೋದು ಹಿಂದಿನ ಕೋಣೇಲಿ. ಅವಳ ಬಟ್ಟೆ ಕಪಾಟಿನ ಎಡಗಡೆ. ಹೋಗಿ ನೋಡಿ."

ರೇವಿನ್ ಆ ಮನೆಯ ಹೊಸ್ತಿಲು ತುಳಿದು ವರ್ಷಗಳೇ ಆಗಿದ್ದವು.

ಜೊತೆಗಾರ ದುಡಿಯುತ್ತಿದ್ದರೆ ಇನ್ನೊಬ್ಬರಿಗೆ ಭತ್ಯೆ ಸಿಗುವುದಿಲ್ಲ. ಮದುವೆಯಾಗಿರಬೇಕೆಂದೇನಿಲ್ಲ, ಗಂಡ ಹೆಂಡಿರಂತೆ ಬಾಳಿದರೆ ಸಾಕು. ಬರೀ ಬಾಡಿಗೆಯವರಾದರೆ ಈ ತಕರಾರಿಲ್ಲ. ನ್ಯೂಜಿಲೆಂಡಿನಲ್ಲಿ ಕೆಲಸ ಕಳೆದುಕೊಂಡವರೆಲ್ಲರಿಗೂ ಗೊತ್ತಿರುವ ನಿಯಮ ಇದು.

ಒಂದು ಕಾಲಕ್ಕೆ ಆ ಮನೆಯಲ್ಲಿ ರೇವಿನ್ ಇದ್ದಳು. ಎಂಟು ವರ್ಷ ಅವನಿಗೆ ಬೇಯಿಸಿ ಹಾಕಿ, ಅವನ ತಾಯಿಯನ್ನು ಸಾಯುವ ತನಕ ನೋಡಿಕೊಂಡು, ಕೊನೆಗೆ ಒಂದು ಸೂಟ್‌ಕೇಸಿನೊಂದಿಗೆ ಹೊರಬಿದ್ದಿದ್ದಳು. ಮನೆಯಲ್ಲಿ ಪಾಲು ಕೇಳಿದಾಗ ನೆವಿಲ್ ನಕ್ಕಿದ್ದ. ಮುಂದಿನ ಈಸ್ಟರ್ ಹೊತ್ತಿಗೆ ಗ್ಲೆನಿಸ್ ಬಂದಿದ್ದಳು.

ದೂರು ಕೊಟ್ಟಿದ್ದು ಯಾರೆಂದು ಊರಿಗೆ ಗೊತ್ತಾಗಲು ತಡವಾಗಲಿಲ್ಲ. ಹಳೇ ಬಟ್ಟೆ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಬೆರಿಲ್ ನೇರವಾಗಿ ಕೇಳಿದಳು.

"ಇನ್ನೂ ಅವನ ಮೇಲಿನ ಆಸೆ ಹೋಗಿಲ್ವೇನೇ?"

"ಆಸೆ ಅಲ್ಲ ಕಣೇ. ಹಸಿವು."

"ಪಾಪ, ಆ ಗ್ಲೆನಿಸ್ ನಿಂಗೇನು ಮಾಡಿದ್ಲು?"

"ನನ್ನ ಜಾಗಕ್ಕೆ ಬಂದ್ಲು."

ಬೆರಿಲ್ ಕೋಟುಗಳನ್ನು ಮಡಿಸುವುದರಲ್ಲಿ ಮುಳುಗಿದಳು.

ಶುಕ್ರವಾರ ಸಂಜೆ ಕರಿದ ಮೀನಿನ ಅಂಗಡಿಯ ಸಾಲಿನಲ್ಲಿ ನೆವಿಲ್ ಹಿಂದಿನಿಂದ ಬಂದು ನಿಂತ. ಭತ್ಯೆ ಕಚೇರಿಯಿಂದ ಅವನಿಗೂ ಗ್ಲೆನಿಸಳಿಗೂ ವಿಚಾರಣೆಗೆ ಕರೆ ಬಂದಿತ್ತು.

"ಹೊಟ್ಟೆಕಿಚ್ಚಿನವಳೇ. ಅವಳ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ."

"ನಿನ್ನ ಚಿಂತೆ ನೀನು ಮಾಡು," ಎಂದಳು ರೇವಿನ್, ತಿರುಗದೆಯೇ. "ಕಾನೂನು ಬದಲಾಗಿದೆ. ಸುಳ್ಳು ಹೇಳಿದ್ದು ಅವಳೇ ಇರಬಹುದು. ಗೊತ್ತಿದ್ದೂ ಸುಮ್ನಿದ್ದು ತಿಂದ ಗಂಡಸಿನ ಮೇಲೂ ಈಗ ಕೇಸು ಹಾಕ್ತಾರೆ. ಅವಳ ಭತ್ಯೆ ಹೋಗ್ತಾ ಇದ್ದಿದ್ದು ನಿನ್ನ ದೋಣಿಗೆ ತಾನೆ?"

ನೆವಿಲ್ ಮೀನನ್ನೂ ತೆಗೆದುಕೊಳ್ಳದೆ ಸಾಲು ಬಿಟ್ಟು ಹೊರಟುಹೋದ.

ಕಚೇರಿಯಲ್ಲಿ ವಿಚಾರಣೆ ನಡೆಸಿದವನು ಸಿಯೋನೆ ಎಂಬ ದಪ್ಪನೆಯ, ಮೃದು ಮಾತಿನ ಅಧಿಕಾರಿ. ಗ್ಲೆನಿಸ್ ಮೊದಲು ಒಳಗೆ ಹೋಗಿ, "ನಾನು ಬಾಡಿಗೆಯವಳು," ಎಂದಷ್ಟೇ ಹೇಳಿ ಬಂದಿದ್ದಳು. ಏನು ಕೇಳಿದರೂ ಅದೊಂದೇ ಮಾತು. ಆಮೇಲೆ ನೆವಿಲ್‌ನ ಸರದಿ.

"ಅವರು ನಿಮ್ಮ ಬಾಡಿಗೆಯವರಾ, ನೆವಿಲ್ ಅವರೇ?"

"ಬಾಡಿಗೆ? ಯಾರು ಹೇಳಿದ್ದು?" ನೆವಿಲ್ ಮುಖದಲ್ಲಿ ನೋವು ತಂದುಕೊಂಡ. "ಬಂದ ದಿನದಿಂದ ಹೆಂಡತಿ ಹಾಗೇ ನೋಡ್ಕೊಂಡಿದೀನಿ ಸಾರ್. ಒಂದೇ ಮಂಚ, ಒಂದೇ ಅಡುಗೆ. ಅವಳು ನಿಮಗೆ ಏನು ಸುಳ್ಳು ಹೇಳಿದಾಳೋ, ದೇವರಾಣೆ ನಂಗೆ ಗೊತ್ತಿಲ್ಲ. ನಂಗೂ ಮೋಸ ಆಗಿದೆ."

"ಯಾವಾಗಿನಿಂದ ಹೀಗೆ?"

"ಐದು ವರ್ಷದ ಹಿಂದಿನ ಈಸ್ಟರ್‌ನಿಂದ."

ಹೇಳಿಕೆಗೆ ಸಹಿ ಹಾಕಿ ನೆವಿಲ್ ಎದ್ದ. ಅವನ ಮೇಲೆ ಕೇಸಾಗಲಿಲ್ಲ. ಗ್ಲೆನಿಸಳ ಭತ್ಯೆ ನಿಂತಿತು, ಪಡೆದದ್ದನ್ನೆಲ್ಲ ವಾಪಸು ಕಟ್ಟಬೇಕೆಂದಾಯಿತು. ಅಂದು ಸಂಜೆಯೇ ಅವನು ಅವಳ ಚೀಲಗಳನ್ನು ಅಂಗಳಕ್ಕೆ ಎಸೆದ. ಸರಕಾರಕ್ಕೆ ಮೋಸ ಮಾಡಿದವಳನ್ನು ಮನೆಯಲ್ಲಿಟ್ಟುಕೊಳ್ಳಲಾರೆ ಎಂದು ಅಕ್ಕಪಕ್ಕದವರಿಗೆ ಕೇಳುವ ಹಾಗೆ ಕೂಗಿದ. ಅವಳು ಅಕ್ಕನ ಮನೆಗೆ ಹೋದಳೆಂದು ಊರು ಅಂದುಕೊಂಡಿತು.

"ಈಗ ತೃಪ್ತಿ ಆಯ್ತಾ?" ಬೆರಿಲ್ ಕೇಳಿದಳು.

"ಇನ್ನೂ ಇಲ್ಲ," ಎಂದಳು ರೇವಿನ್.

ಕುರಿಗಳು ಮರಿ ಹಾಕುವ ಕಾಲಕ್ಕೆ ನೆವಿಲ್‌ಗೆ ನೋಟಿಸು ಬಂತು. ಅವನು ನಗುತ್ತಲೇ ತನ್ನ ವಕೀಲರ ಬಳಿ ಹೋದ.

"ಗ್ಲೆನಿಸ್ ಮನೇಲಿ ಅರ್ಧ ಕೇಳ್ತಾಳಂತೆ."

"ಮೂರು ವರ್ಷ ಜೊತೆಗಾರರಾಗಿ ಬಾಳಿದ್ರೆ ಅರ್ಧ ಅವರದೇ," ಎಂದರು ವಕೀಲರು.

"ಅವಳು ಬಾಡಿಗೆಯವಳು ಅಂತ ಅವಳೇ ಬರೆದುಕೊಟ್ಟಿದಾಳಲ್ಲ. ಮೊದಲಿನವಳೂ ಹೀಗೇ ಕೇಳಿದ್ಲು. 'ಪಾಲು ಬೇಕಾದ್ರೆ ಭತ್ಯೆ ಕದ್ದೆ ಅಂತ ಒಪ್ಕೋ' ಅಂದೆ. ಬಾಯಿ ಮುಚ್ಕೊಂಡು ಹೋದ್ಲು. ಮನೆಗೆ ಬಂದ ಕೂಡ್ಲೇ ಹೆಂಗಸರ ಕೈಲಿ ಭತ್ಯೆಗೆ ಅರ್ಜಿ ಹಾಕಿಸೋದು ಮತ್ಯಾಕೆ?"

ವಕೀಲರು ನಗಲಿಲ್ಲ.

"ಗ್ಲೆನಿಸ್ ಒಪ್ಕೊಂಡಿದಾರೆ, ನೆವಿಲ್. ಕಂತೂ ಕಟ್ತಿದಾರೆ. ಅದಿರಲಿ, ಸಿಯೋನೆ ಮುಂದೆ 'ಬಂದ ದಿನದಿಂದ ಹೆಂಡತಿ ಹಾಗೇ' ಅಂತ ಹೇಳಿಕೆ ಕೊಟ್ಟಿದ್ದು ಯಾರು?"

ಹಸಿರು ತಗಡಿನ ಮನೆ ಮಾರಾಟವಾಯಿತು. ದೋಣಿಯೂ ಹೋಯಿತು. ನೆವಿಲ್ ಕಾರ್ಖಾನೆಯ ಹಿಂದಿನ ಒಂದು ಕೋಣೆ ಹಿಡಿದ. ಸುದ್ದಿ ಹೊತ್ತುಕೊಂಡು ಬೆರಿಲ್ ಏದುಸಿರು ಬಿಡುತ್ತ ರೇವಿನ್‌ಳ ಮನೆಗೆ ಬಂದಳು.

"ಎಂಥ ಕೆಲಸ ಆಯ್ತು ನೋಡೇ. ಆ ಗ್ಲೆನಿಸಳನ್ನ ಹಾಳು ಮಾಡ್ತೀನಿ ಅಂತ ಫೋನ್ ಮಾಡಿ, ಅವಳಿಗೇ ಅರ್ಧ ಮನೆ ಕೊಡಿಸಿಬಿಟ್ಟೆ ನೀನು."

ಒಳಗಿನಿಂದ ಮೂರು ಕಪ್ ಚಹಾ ಹಿಡಿದು ಒಬ್ಬಳು ಬಂದಳು.

"ರೇವಿನ್ ಬೇಡ ಬೇಡ ಅಂದ್ಲು, ಬೆರಿಲ್," ಎಂದಳು ಗ್ಲೆನಿಸ್, "ಪಕ್ಕದಲ್ಲಿ ಕೂತು ಒಂದೊಂದು ಮಾತೂ ಹೇಳಿಕೊಟ್ಟು ಆ ಫೋನ್ ಮಾಡಿಸಿದ್ದು ನಾನೇ."