ಒಂದೇ ಅಳತೆಯ ಬೂಟು

ದಾವಣಗೆರೆಯ ಮಿಲ್ಲಿನಿಂದ ನಿವೃತ್ತನಾಗಿ ಜರ್ಮನಿಗೆ ಬಂದು ನೆಲೆಸಿದ ರುದ್ರಯ್ಯನಿಗೆ ಅಲ್ಲಿನ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಕಾಲು ಮಾತ್ರ ಚೆನ್ನಾಗಿ ಓಡುತ್ತಿತ್ತು. ಅರವತ್ತು ದಾಟಿದವರ ಓಟದಲ್ಲಿ ಬಂದ ವರ್ಷವೇ ಮೊದಲಿಗನಾದ. ಎರಡನೆಯವನಾಗಿ ಬಂದು ಬೆನ್ನು ತಟ್ಟಿದವನು ಧಾರವಾಡದ ಯಲಿಗಾರ. ಕನ್ನಡದವನೊಬ್ಬ ಸಿಕ್ಕನಲ್ಲ ಎಂದು ರುದ್ರಯ್ಯನಿಗೆ ಹಾಲು ಕುಡಿದಷ್ಟು ಸಂತೋಷ.

ಒಮ್ಮೆ ಎದೆ ಚುಳುಕ್ಕೆಂದಾಗ ಡಾಕ್ಟರ ಬಳಿ ಕರೆದೊಯ್ದವನೂ ಯಲಿಗಾರನೇ. ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವಾಗ ಅವನ ಕಣ್ಣು ತೇವವಾಗಿತ್ತು.

“ಇನ್ನ ಓಡಬ್ಯಾಡ್ರಿ ಅಂತಾರ, ರುದ್ರಯ್ಯನವ್ರ. ಎದಿ ತಡಿಯೂದಿಲ್ಲಂತ.”

ರುದ್ರಯ್ಯ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ತನ್ನ ಓಟದ ಬೂಟುಗಳನ್ನು ಯಲಿಗಾರನ ಕೈಗಿಟ್ಟ. ಇಬ್ಬರದೂ ಒಂದೇ ಅಳತೆ.

“ನೀವಾದ್ರೂ ಓಡ್ರಿ.”

ಆ ವರ್ಷ ಯಲಿಗಾರ ಗೆದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ರುದ್ರಯ್ಯ.

ಮರುವರ್ಷದ ತಪಾಸಣೆಯ ಹೊತ್ತಿಗೆ, ಗೆಳೆಯನಿಗೆ ಅಚ್ಚರಿಯಾಗಲೆಂದು ಅವನಿಗೂ ಹೇಳದೆ, ರುದ್ರಯ್ಯ ಜರ್ಮನ್ ಕಲಿತಿದ್ದ. ಯಲಿಗಾರ ಬಗ್ಗಿ ಅದೇ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಒಬ್ಬನೇ ಡಾಕ್ಟರ ಕೋಣೆಯೊಳಗೆ ನಡೆದು, ಜರ್ಮನ್ನಿನಲ್ಲೇ ತೊದಲುತ್ತ ಕೇಳಿದ: “ಡಾಕ್ಟ್ರೇ, ನಿಧಾನಕ್ಕಾದ್ರೂ ಓಡಬಹುದಾ?”

ಡಾಕ್ಟರು ಹುಬ್ಬೇರಿಸಿದರು. “ಓಟ ಬಿಟ್ಟಿರಾ? ಗಟ್ಟಿ ಹೃದಯ, ಬಿಡಬೇಡಿ ಅಂತ ಅವತ್ತೇ ಹೇಳಿದ್ದೆನಲ್ಲ!”

ಹೊರಗೆ ಬಂದಾಗ ಯಲಿಗಾರ ಗಡಬಡಿಸಿ ಎದ್ದು ನಿಂತ. “ಏನಂದ್ರು? ನಾ ಇಲ್ಲದ ತಿಳೀತೇನ್ರಿ?”

“ತಿಳೀತು,” ಎಂದ ರುದ್ರಯ್ಯ. “ಬೂಟು ಬಿಚ್ಚು.”