ಕಣ್ಣಡಿಯ ಬಣ್ಣ

ಹೆಂಡತಿ ಕನ್ಸೀಲರ್ ಮುಚ್ಚಳ ತೆಗೆದಾಗ ಬರುವ ಮೇಣದ ವಾಸನೆಗೆ ಈಗಲೂ ಅಮೆರಿಕದ ನೋವೈ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಕಾರ್ ಕಂಪನಿಯಲ್ಲಿ ಅಪ್ಪನ ಕೆಲಸ ಹೋಗಿ ತಿಂಗಳಾಗಿತ್ತು. ಅಂದು ದೇವಸ್ಥಾನಕ್ಕೆ ಹೊರಟಿದ್ದೆವು; ಅಲ್ಲಿನ ಆಂಟಿಯರಿಗೆ ಅದು ಗೊತ್ತಾಗಬಾರದೆಂದು, ನಿದ್ದೆಗೆಟ್ಟು ಕಪ್ಪಾಗಿದ್ದ ತನ್ನ ಕಣ್ಣಡಿಗೆ ಹಚ್ಚಲು ಅಮ್ಮ ಒಂದು ಕನ್ಸೀಲರ್ ಟ್ಯೂಬ್ ತಂದಿದ್ದಳು.

“ಓದೋ, ಅದ್ರಾಗ ಏನೇನ್ ಹಾಕ್ಯಾರ,” ಎಂದಳು ಧಾರವಾಡದಿಂದ ಬಂದಿದ್ದ ಅಜ್ಜಿ. ಮೊಟ್ಟೆಗಿಟ್ಟೆ ಇದ್ದೀತೆಂದು ಬಿಸ್ಕತ್ತಿನ ಪ್ಯಾಕೆಟ್ಟನ್ನೂ ನನ್ನಿಂದ ಓದಿಸಿಯೇ ತಿನ್ನುವವಳು ಅವಳು.

ನಾನು ಟೀವಿ ಜಾಹೀರಾತಿನ ದನಿ ತೆಗೆದೆ. ಹೊರಬಂದದ್ದು ನೆಗಡಿಯಾದ ಮೇಕೆಯ ದನಿ. “ಟೈಟೇನಿಯಂ ಡೈಆಕ್ಸೈಡ್! ಬೀಸ್‌ವ್ಯಾಕ್ಸ್, ಅಂದ್ರೆ ಜೇನುಮೇಣ! ಕಾರ್ಮೈನ್!”

“ಅದೇನದು?”

“ಬಗ್ಸ್, ಅಜ್ಜಿ! ಹುಳ ಅರೆದು ಮಾಡೋ ಕೆಂಪು. ಟೀಚರ್ ಹೇಳಿದ್ರು.”

ಅಮ್ಮ ಟ್ಯೂಬ್ ಕೆಳಗಿಟ್ಟಳು. ಗಡಿಯಾರ ನೋಡಿದಳು, ಕನ್ನಡಿ ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಹೊರಗೆ ಅಪ್ಪ ಕಾರ್ ಸ್ಟಾರ್ಟ್ ಮಾಡುತ್ತಿದ್ದ, ಆಫ್ ಮಾಡುತ್ತಿದ್ದ.

“ಸಾಕು ಮಾಡೋ ನಿನ್ನ ಓದು,” ಎಂದು ಅಜ್ಜಿ ನನ್ನ ತಲೆಗೆ ಮೊಟಕಿದಳು. ಟ್ಯೂಬ್ ಹಿಂಡಿ, ಅಮ್ಮನ ಗದ್ದ ಹಿಡಿದು, ಕಣ್ಣಡಿಗೆ ಮೆಲ್ಲಗೆ ಸವರಿದಳು. “ತಿನ್ನೂದೇನಲ್ಲಲ್ಲ.”

ಬೆರಳಲ್ಲಿ ಉಳಿದದ್ದನ್ನು ತನ್ನ ಕಣ್ಣಡಿಗಳಿಗೂ ಒರೆಸಿಕೊಂಡಳು.

“ಈಗ ನಡೀರಿ.”